ಅತ್ತೆಯ ಎಡಗಡೆ

ಮೊನ್ನೆ ಟ್ರಂಕು ತೆರೆದಾಗ ಮೊದಲು ಬಂದದ್ದು ಒಣಗಿದ ಬೇವಿನ ಎಲೆಯ ವಾಸನೆ. ಹುಳ ಬೀಳಬಾರದೆಂದು ನಾನೇ ಮಡಿಕೆ ಮಡಿಕೆಗೂ ಇಟ್ಟದ್ದು, ಮುಟ್ಟಿದರೆ ಪುಡಿಯಾಗುತ್ತಿತ್ತು. ಅದರ ಅಡಿಯಿಂದ ಇನ್ನೊಂದು ವಾಸನೆ ಮೆಲ್ಲಗೆ ಎದ್ದಿತು. ಹಳೆಯ ಇಳಕಲ್ ಸೀರೆ, ಒಗೆದೊಗೆದು ಮೆತ್ತಗಾದ ಧೋತರ, ಎಲ್ಲೋ ಒಂದಿಷ್ಟು ಒಲೆಯ ಹೊಗೆ... ಕೌದಿಯ ವಾಸನೆ. ಮೊಮ್ಮಗಳು ಅದನ್ನು ಎತ್ತಿಕೊಂಡು ಹೋಗಿ ಮಾಳಿಗೆಯ ಮೇಲೆ ಬಿಸಿಲಿಗೆ ಹರವಿದಳು. ಹರವಿ, ಸೊಂಟದ ಮೇಲೆ ಕೈಯಿಟ್ಟು ನೋಡಿ, "ಅಜ್ಜೀ, ಇದನ್ಯಾಕ ಅರ್ಧಕ್ಕ ಬಿಟ್ಟಾರ?" ಎಂದಳು.

ಕೇಳಿದ್ದರಲ್ಲಿ ತಪ್ಪಿಲ್ಲ. ಆ ಕೌದಿಯ ಬಲಗಡೆ ಹೊಲಿಗೆ ಇರುವೆ ಸಾಲಿನ ಹಾಗೆ ಒತ್ತೊತ್ತಾಗಿ ಬಂದಿದೆ. ನಟ್ಟನಡುವೆ ಸಾಲುಗಳೆಲ್ಲ ನಿಂತುಬಿಟ್ಟಿವೆ. ಎಡಗಡೆ ಬಟ್ಟೆಯ ಪದರುಗಳನ್ನು ಅಂಚಿನ ಒಂದೇ ಹೊಲಿಗೆ ಹಿಡಿದುಕೊಂಡಿದೆ. ಅದು ನನ್ನ ಅತ್ತೆಯ ಕೊನೆಯ ಕೌದಿ. ಅತ್ತೆ ಎಂದರೆ ಗಂಡನ ತಾಯಿ. ಅವರ ಹೆಸರು ಹಿಡಿದು ಹೇಳುವ ರೂಢಿ ಆಗ ಇರಲಿಲ್ಲ, ಈಗಲೂ ನನಗೆ ನಾಲಿಗೆ ಏಳುವುದಿಲ್ಲ. ಅತ್ತೆ ಅಂದರೆ ಅತ್ತೆ, ಅಷ್ಟೇ.

ನಾನೀಗ ಇರುವ ಈ ಊರಿಗೆ ಇನ್ನೂ ಬಿಜಾಪುರ ಎನ್ನುತ್ತಿದ್ದ ಕಾಲ. ಐವತ್ತರ ದಶಕ ಮುಗಿಯುತ್ತ ಬಂದಾಗ ನಾನು ಬಬಲೇಶ್ವರದ ತವರಿನಿಂದ ತಿಕೋಟಾದ ಆ ಮನೆಗೆ ಸೊಸೆಯಾಗಿ ಬಂದೆ. ಮಾವನವರು ಆಗಲೇ ಇರಲಿಲ್ಲ. ನಮ್ಮ ಮನೆಯವರು ಬಿಜಾಪುರದ ಗಾಂಧಿ ಚೌಕದ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದರು, ಬೆಳಗಿನ ಬಸ್ಸಿಗೆ ಹೋದವರು ಸಂಜೆಗೇ ಬರುವುದು. ಹಗಲೆಲ್ಲ ಮನೆಯಲ್ಲಿ ಇಬ್ಬರೇ, ಅತ್ತೆ ಮತ್ತು ನಾನು. ಬಂದ ಹೊಸದರಲ್ಲಿ ಒಂದು ಮಧ್ಯಾಹ್ನ ಅವರು ಪಡಸಾಲೆಯಲ್ಲಿ ಹಳೆಯ ಸೀರೆಗಳನ್ನು ಪದರು ಪದರಾಗಿ ಹಾಸಿ ನನ್ನನ್ನು ಕರೆದರು. ನಾನು ಹೋಗಿ ಅವರ ಬಲಕ್ಕೆ ಕುಳಿತೆ.

"ಅಲ್ಲಿ ಅಲ್ಲವಾ, ಎಡಕ್ಕ ಕೂಡು. ದಾರ ಜಗ್ಗೋ ಕೈಗೆ ಜಾಗಾ ಬೇಕು" ಎಂದರು. ನಾನು ಎದ್ದು ಎಡಕ್ಕೆ ಬಂದೆ. "ಹಾಂ. ಇನ್ನ ಮ್ಯಾಲ ಇದ ನಿನ್ನ ಜಾಗಾ."

ಅವತ್ತಿನಿಂದ ಅದೇ ನನ್ನ ಜಾಗ. ಅವರ ಎಡಕ್ಕೆ ಕುಳಿತೇ ನಾನು ಸೂಜಿ ಹಿಡಿಯುವುದನ್ನು ಕಲಿತೆ, ಅವರ ತವರಿನ ಕಥೆ ಕೇಳಿದೆ, ಊರ ಮಂದಿಯ ಚಾಳಿಗಳನ್ನೆಲ್ಲ ತಿಳಿದುಕೊಂಡೆ. ನನ್ನ ಹೊಲಿಗೆ ಅಂಕುಡೊಂಕಾದರೆ, "ಬಬಲೇಶ್ವರದ ದಾರಿ ಹಿಂಗ ಅದಾವೇನ ಬೇ?" ಎಂದು ಕಾಡುತ್ತಿದ್ದರು. ತಮ್ಮದು ತಪ್ಪಿದರೆ ಮಾತ್ರ ಸುಮ್ಮನೆ ಬಿಚ್ಚಿಬಿಡುವರು. ಅತ್ತೆ ಒಡೆದ ಪಾತ್ರೆಗೆ ಬೆಲೆಯಿಲ್ಲ ಎನ್ನುತ್ತಾರಲ್ಲ, ಹಾಗೆ. ಕೌದಿಯನ್ನು ಅಂಚಿನಿಂದ ಹೊಲಿಯುತ್ತ ನಡುವಿಗೆ ಬರಬೇಕು. ನಡುವಿನಲ್ಲಿ ಅಂಗೈಯಷ್ಟು ಜಾಗ ಉಳಿಸಿ, ಅದರೊಳಗೆ ನಾಲ್ಕು ಜೋಳದ ಕಾಳು, ಒಂದು ಚೂರು ರೊಟ್ಟಿ ಇಟ್ಟು ಮುಚ್ಚಬೇಕು. ಅದಕ್ಕೆ ಕೌದಿಯ ಹೊಟ್ಟೆ ತುಂಬಿಸುವುದು ಎನ್ನುತ್ತಿದ್ದರು. ಹಸಿದ ಕೌದಿ ಹೊದ್ದವರಿಗೆ ನಿದ್ದೆ ಕೊಡುವುದಿಲ್ಲವಂತೆ.

ಅತ್ತೆಯ ಇನ್ನೊಂದು ಗುಣವನ್ನು ಇಲ್ಲಿ ಹೇಳಲೇಬೇಕು, ಮುಂದಿನ ಅನಾಹುತಕ್ಕೆಲ್ಲ ಅದೇ ಬುನಾದಿ. ಅವರು ಬೈದರೆ ಸಿಟ್ಟಿಲ್ಲ ಎಂದೇ ತಿಳಿಯಬೇಕು. ನಿಜವಾಗಿ ಸಿಟ್ಟು ಬಂದರೆ ಆ ಮನುಷ್ಯರು ಅವರ ಕಣ್ಣಿಗೆ ಕಾಣುವುದೇ ನಿಂತುಹೋಗುತ್ತಿತ್ತು. ಹಿಂದಿನ ಮನೆಯಾಕೆ ಒಯ್ದ ಒನಕೆಯನ್ನು ಸೀಳಿಸಿ ತಂದಿಟ್ಟಳೆಂದು, ಮುಂದೆ ಎಷ್ಟೋ ತಿಂಗಳು ಆಕೆ ಎದುರಿಗೆ ಬಂದು ನಿಂತರೂ ಅತ್ತೆ ಆಕೆಯ ಬೆನ್ನ ಹಿಂದಿನ ಗೋಡೆಯನ್ನು ನೋಡುತ್ತಿದ್ದರು. ಊರಿಗೆಲ್ಲ ಗೊತ್ತಿದ್ದ ವಿಷಯ ಇದು.

ನನ್ನ ಮದುವೆಯಾಗಿ ನಾಲ್ಕು ವರ್ಷ ಕಳೆದರೂ ಮಕ್ಕಳಾಗಿರಲಿಲ್ಲ. ಅತ್ತೆ ಒಂದು ದಿನವೂ ಆ ಮಾತು ಎತ್ತಲಿಲ್ಲ. ಆದರೆ ಕನಮಡಿಗೆ ಕೊಟ್ಟಿದ್ದ ನಾದಿನಿ, ಅಂದರೆ ನನ್ನ ಗಂಡನ ಅಕ್ಕ, ಬಂದಾಗಲೆಲ್ಲ ಎತ್ತುತ್ತಿದ್ದರು.

ಒಂದು ಚಳಿಗಾಲದ ಬೆಳಗ್ಗೆ, ಹೊಸ ಕೌದಿಯೊಂದಕ್ಕೆ ಸುತ್ತ ಅಂಚು ಹೊಲಿದು ಮುಗಿಸಿದ ಮರುದಿನ, ಅತ್ತೆ ರೊಟ್ಟಿ ಬಡಿಯುತ್ತ ಕುಳಿತವರು ಎಡಕ್ಕೆ ವಾಲಿದರು. ನಾನು ಏನೋ ತೆಗೆದುಕೊಳ್ಳಲು ಬಗ್ಗಿದ್ದಾರೆ ಅಂದುಕೊಂಡೆ. ಅವರು ಏಳಲೇ ಇಲ್ಲ... ಹೆಂಚಿನ ಮೇಲಿನ ರೊಟ್ಟಿ ಸುಟ್ಟು ಕರಕಾಯಿತು. ಓಣಿಯವರು ಬಂದು ಬಾಯಿ ಸೊಟ್ಟಗಾದದ್ದನ್ನು ನೋಡಿ, "ಲಕ್ವಾ ಹೊಡದೈತಿ" ಎಂದರು. ಬಿಜಾಪುರದ ದವಾಖಾನೆಗೆ ಒಯ್ದದ್ದಾಯಿತು. ಜೀವ ಉಳಿಯಿತು, ಮಾತೂ ಉಳಿಯಿತು. ಎಡಗೈ, ಎಡಗಾಲು ಮಾತ್ರ ಹೋದವು.

ಮನೆಗೆ ತಂದಾಗ ಪಡಸಾಲೆಯಲ್ಲಿ ಹೊರಸು ಹಾಕಿದೆವು. ಹೊರಸು ಎಂದರೆ ನುಲಿಯ ಮಂಚ. ಉತ್ತರಕ್ಕೆ ತಲೆ ಹಾಕಿ ಮಲಗಬಾರದು, ಆದ್ದರಿಂದ ತಲೆ ದಕ್ಷಿಣದ ಗೋಡೆಗೆ. ಗೋಡೆಗೆ ಒರಗಿ ಕುಳಿತರೆ ಅವರ ಬಲಕ್ಕೆ ಬೀದಿ ಬಾಗಿಲು, ಬಂದುಹೋಗುವವರು ಕೂಡುವ ಜಮಖಾನೆ. ಎಡಕ್ಕೆ ಅಡುಗೆಮನೆಯ ಬಾಗಿಲು, ಅಂದರೆ ನಾನು. ಗಂಡಸರು ಕೂಡುವ ಆಚೆ ಕಡೆಗೆ ಸೊಸೆ ಕಾಲಿಡಬಾರದೆಂಬುದು ಅತ್ತೆಯೇ ಹಾಕಿಕೊಟ್ಟ ಗೆರೆ. ಸುದ್ದಿ ತಿಳಿದು ಬಂದ ನಾದಿನಿ ತಾಯಿಯ ಬಲಕ್ಕೆ ಕುಳಿತುಬಿಟ್ಟರು. ಮೈ ಒರೆಸುವುದು, ಸೀರೆ ಸುತ್ತುವುದು ಮಗಳ ಹಕ್ಕು. ಒಲೆ, ನೀರು, ತಾಟು ಸೊಸೆಯ ಪಾಲು. ನಾನು ಅಡುಗೆಮನೆಯ ಬಾಗಿಲಿನಿಂದ ಬಂದು, ಎಡಗಡೆಯಿಂದ ಇಟ್ಟು, ಸೆರಗು ಎಳೆದುಕೊಂಡು ಹೊಸ್ತಿಲ ಹತ್ತಿರ ಕೂಡುತ್ತಿದ್ದೆ. ಅದು ನನ್ನ ಜಾಗವೇ ಆಗಿತ್ತಲ್ಲ.

ಅತ್ತೆ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಮೊದಲು ದಣಿವು ಎಂದುಕೊಂಡೆ. ಆದರೆ ಬಲಕ್ಕೆ ಬಂದು ಕುಳಿತ ಎಲ್ಲರೊಡನೆ ನಗುನಗುತ್ತ ಮಾತಾಡುವರು. ನಾನು ಎಡದಿಂದ, "ಅತ್ತ್ಯಾರ, ನೀರ ಕೊಡಲ್ಯಾ?" ಎಂದರೆ ಬಲಕ್ಕೆ ತಿರುಗಿ ಮಗಳಿಗೆ, "ಹೂಂ, ಕೊಡು" ಎನ್ನುವರು. ತಾಟಿನಲ್ಲಿ ಅರ್ಧ ರೊಟ್ಟಿ ತಿಂದು, ಎಡಕ್ಕಿದ್ದ ನನ್ನ ಬದನೆಕಾಯಿ ಪಲ್ಯ ಮುಟ್ಟದೆ ಬಿಡುವರು. ಆಮೇಲೆ ಬಂದವರ ಮುಂದೆ, "ಅರ್ಧಾ ರೊಟ್ಟಿ ಹಾಕತಾರ ನೋಡ್ರಿ, ಹೊಟ್ಟಿ ತುಂಬಂಗಿಲ್ಲ" ಎನ್ನುವರು. ಸೊಸೆ ಅತ್ತೆಯನ್ನು ಉಪವಾಸ ಕೆಡವಿದ್ದಾಳೆ ಎಂಬ ಮಾತು ಓಣಿ ಸುತ್ತಿ ಬರಲು ಎಷ್ಟು ಹೊತ್ತು?

ಎಲ್ಲಕ್ಕಿಂತ ನನಗೆ ನಾಟಿದ್ದು ಇನ್ನೊಂದು ಮಾತು. ನಾನು ಅಲ್ಲೇ ಹೊಸ್ತಿಲಲ್ಲಿ ಕುಳಿತಿರುವಾಗ ಅವರು ಮಗನನ್ನು ಕೇಳಿದರು: "ನಿನ್ನ ಹೇಂತಿ ಎಲ್ಲಿ ಹೋಗ್ಯಾಳೋ?"

ನಾದಿನಿ ನನ್ನನ್ನು ನೋಡಿ ತುಟಿ ಕೊಂಕಿಸಿದರು. ಹಿಂದಿನ ಮನೆಯಾಕೆಯ ಒನಕೆ ಎಲ್ಲರಿಗೂ ನೆನಪಾಗಿರಬೇಕು. ಇದಕ್ಕೆ ಕಾರಣವನ್ನೂ ಎಲ್ಲರೂ ತಾವೇ ಹುಡುಕಿಕೊಂಡರು: ಬಂಜೆ ಸೊಸೆಯ ಮೇಲೆ ಇಷ್ಟು ವರ್ಷ ನುಂಗಿಕೊಂಡಿದ್ದ ಸಿಟ್ಟು ಈಗ ಹೊರಬಿದ್ದಿದೆ. ನಾನೂ ಹಾಗೆಯೇ ನಂಬಿದೆ. ಮನೆಯವರು ನನ್ನ ಕಡೆ ನೋಡುವುದನ್ನು ಕಡಿಮೆ ಮಾಡಿದರು. ಒಲೆಯ ಮುಂದೆ ಕುಳಿತು ಹೊಗೆಯ ನೆಪದಲ್ಲಿ ಅತ್ತಿದ್ದೇನೆ.

ವಿಚಿತ್ರಗಳು ಇನ್ನೂ ಇದ್ದವು. ತಮ್ಮ ಎಡಗೈ ಹೊಟ್ಟೆಯ ಮೇಲೆ ಬಿದ್ದಿದ್ದರೆ ಅದನ್ನು ಬಲಗೈಯಿಂದ ದೂಡಿ, "ಇದು ಯಾರ ಕೈ? ತಗೀರಿ ಅತ್ಲಾಗ" ಎನ್ನುವರು. ವಿಭೂತಿ ಹಚ್ಚಿಕೊಂಡರೆ ಮೂರೂ ಗೆರೆ ಹಣೆಯ ನಡುವಿಗೆ ಬಂದು ನಿಲ್ಲುತ್ತಿದ್ದವು. ನಾದಿನಿ ಗಾಳಿ ಸೋಕಿದೆ ಎಂದು ಬೇವಿನ ಸೊಪ್ಪಿನಿಂದ ನಿವಾಳಿಸಿದರು. ಗಾಳಿಗೆ ಅರ್ಧ ಹಣೆಯ ಮೇಲೇಕೆ ಸಿಟ್ಟು ಎಂದು ಯಾರೂ ಕೇಳಲಿಲ್ಲ.

ಒಂದು ಮಧ್ಯಾಹ್ನ ಊಟವಾದ ಮೇಲೆ ಅರ್ಧ ಉಳಿದ ತಾಟು ಎತ್ತಲು ಹೋದೆ. ಅದೇ ಹೊತ್ತಿಗೆ ನಾದಿನಿ ಏನೋ ಚುಚ್ಚಿ ಅಂದರು. ತಾಟು ಕೈಯಿಂದ ಜಾರಿತು, ಹಿಡಿದು ಮತ್ತೆ ಅಲ್ಲೇ ಇಟ್ಟೆ. ಇಡುವಾಗ ತಾಟು ತಿರುಗಿ, ಎಡದ ಪಲ್ಯ ಬಲಕ್ಕೆ ಬಂತು. ಅತ್ತೆ ತಾಟು ನೋಡಿ, "ಈಗ ತಂದ್ರಿ ನೋಡ, ಬದನಿಕಾಯಿ" ಎಂದು ಚಪ್ಪರಿಸಿ ಎಲ್ಲ ತಿಂದರು.

ನಾನು ಪಾತ್ರೆ ತಿಕ್ಕುವುದನ್ನು ಮರೆತು ಯೋಚಿಸಿದೆ. ಮರುದಿನ ನೀರಿನ ತಂಬಿಗೆಯನ್ನು ಎಡಕ್ಕಿಟ್ಟೆ. ನೀರಿಲ್ಲವೆಂದು ಗೊಣಗಿದರು. ಎಡದಿಂದಲೇ ಕೈ ಚಾಚಿ ಅದನ್ನು ಎತ್ತಿ ಅವರ ಬಲಕ್ಕಿಟ್ಟೆ. ಕುಡಿದರು. ಸಂಜೆ ಮನೆಯವರು ಕೈಕಾಲು ತೊಳೆಯಲು ಹಿತ್ತಲಿಗೆ ಬಂದಾಗ ತಡೆದು ನಿಲ್ಲಿಸಿ ಹೇಳಿದೆ: "ಅತ್ತ್ಯಾರಿಗೆ ನನ್ನ ಮ್ಯಾಲ ಸಿಟ್ಟಿಲ್ಲರಿ. ಅವರಿಗೆ ಎಡಕ್ಕ ಇದ್ದದ್ದ ತಿಳೀವಲ್ದು. ಹೊರಸು ತಿರುಗಿಸಿ ಹಾಕೂಣ್ರಿ, ನಾ ಅವರ ಬಲಕ್ಕ ಬರತೇನಿ."

"ಕಣ್ಣು ಚಲೋ ಅದಾವ ಅಂತ ಡಾಕ್ಟರ್ ಹೇಳ್ಯಾರಲ್ಲ" ಎಂದರು ಅವರು. ದನಿಯಲ್ಲಿ ಅನುಮಾನವಿತ್ತು, ಆದರೆ ಮುಖ ಸ್ವಲ್ಪ ಸಡಿಲಾಯಿತು.

ಆ ಮಾತು ನಾದಿನಿಯ ಕಿವಿಗೆ ಬಿತ್ತು. ಹೊರಸು ತಿರುಗಿಸಿದರೆ ತಲೆ ಎಲ್ಲಿಗೆ ಬರುತ್ತದೆ? ಉತ್ತರಕ್ಕೆ. ಇದು ನನಗೆ ಹೊಳೆದೇ ಇರಲಿಲ್ಲ. "ಉತ್ತರಕ್ಕ ತಲಿ ಹಾಕಿಸಿ ನಮ್ಮವ್ವನ್ನ ಕೊಲ್ಲಾಕ ನಿಂತಾಳ ಇಕಿ" ಎಂದು ಅವರು ಕುಸಿದು ಕುಳಿತು ಅತ್ತರು. ಅದು ನಾಟಕವಲ್ಲ, ನಿಜವಾಗಿಯೂ ಹೆದರಿದ್ದರು. ತಾಯಿಯನ್ನು ಕಳೆದುಕೊಳ್ಳುವ ಭಯದಲ್ಲಿದ್ದ ಮಗಳು, ಪಾಪ. ಇಂದು ಪಾಪ ಎನ್ನುತ್ತೇನೆ, ಅಂದು ಅನ್ನುವಷ್ಟು ದೊಡ್ಡ ಮನಸ್ಸು ನನ್ನದಿರಲಿಲ್ಲ.

ಬಬಲೇಶ್ವರಕ್ಕೆ ಹೇಳಿಕಳಿಸಿದರು. ಮೂರನೆಯ ದಿನ ಅಪ್ಪ ಬಂದ. ಮನೆಯವರ ಚಿಕ್ಕಪ್ಪನೂ ಬಂದರು. ಎಲ್ಲರೂ ಜಮಖಾನೆಯ ಮೇಲೆ, ಅತ್ತೆಯ ಬಲಕ್ಕೆ. ನಾನು ಎಡಕ್ಕೆ, ಹೊಸ್ತಿಲಲ್ಲಿ, ನನ್ನ ಸೀರೆಗಳ ಗಂಟು ಆಗಲೇ ಮಗ್ಗುಲಲ್ಲಿತ್ತು. ನನ್ನನ್ನು ತವರಿಗೆ ಕಳಿಸುವುದು, ಆಮೇಲೆ ತಮ್ಮನಿಗೆ ಬೇರೆ ಹೆಣ್ಣು ನೋಡುವುದು, ಇದು ನಾದಿನಿಯ ಮಾತು. ಮನೆಯವರು ತಲೆ ತಗ್ಗಿಸಿ ಜಮಖಾನೆಯ ಎಳೆ ಕೀಳುತ್ತಿದ್ದರು. ಕೊನೆಗೆ ಚಿಕ್ಕಪ್ಪ, "ವೈನೀನ ಕೇಳೂಣು. ಅವರು ಹೆಂಗ ಅಂತಾರ ಹಂಗ" ಎಂದರು. ಮತ್ತೆ ಅತ್ತೆಯ ಕಡೆ ತಿರುಗಿ, "ವೈನಿ, ಸೊಸಿನ್ನ ಇಟ್ಟಗೊಳ್ಳೂಣೋ ಕಳಸೂಣೋ?" ಎಂದು ಕೇಳಿದರು.

ಅತ್ತೆ ಎಲ್ಲರ ಮುಖ ನೋಡಿದರು. "ಇನ್ನೇನ ಕಳಸ್ತೀರಿ? ಅಕೀ ಹೋಗಿ ಎಷ್ಟೋ ದಿನಾ ಆತು."

ಅಪ್ಪ ಎದ್ದ. ಎದ್ದು ಪೇಟಾ ಸರಿಮಾಡಿಕೊಂಡು, "ನಡಿಯವ್ವಾ" ಎಂದ.

ನಾನೂ ಎದ್ದೆ. ಗಂಟು ತೆಗೆದುಕೊಳ್ಳಲಿಲ್ಲ. ಹೊರಸಿಗೂ ಉತ್ತರದ ಗೋಡೆಗೂ ನಡುವಿದ್ದ ಸಂದಿಯಲ್ಲಿ ನುಸುಳಿ, ಅತ್ತೆಯ ಕಾಲನ್ನು ಬಳಸಿ, ಆ ಗೆರೆ ದಾಟಿ, ಗಂಡಸರು ಕುಳಿತ ಕಡೆಗೆ ಬಂದುಬಿಟ್ಟೆ. ಚಿಕ್ಕಪ್ಪ ಗಾಬರಿಯಾಗಿ ಕಾಲು ಒಳಗೆಳೆದುಕೊಂಡರು. ನಾದಿನಿ, "ಏನ ನಾಚಿಗ್ಗೇಡಿ..." ಎಂದು ಏನೋ ಅನ್ನುತ್ತಿದ್ದರು. ನಾನು ಅತ್ತೆಯ ಬಲಕ್ಕೆ ಮಂಡಿಯೂರಿ, ತಲೆಯ ಮೇಲಿನ ಸೆರಗು ಪೂರ್ತಿ ಹಿಂದಕ್ಕೆ ಸರಿಸಿ, ಮುಖವನ್ನು ಅವರ ಮುಖದ ಮುಂದೆ ಹಿಡಿದೆ.

ಅತ್ತೆ ನೋಡಿದರು. ಬಹಳ ಹೊತ್ತು ನೋಡಿದರು. ಬಲಗೈ ಎತ್ತಿ ನನ್ನ ಗದ್ದ ಹಿಡಿದರು.

"ಬಂದೇನ ಬೇ... ಎಲ್ಲಿ ಹೋಗಿದ್ದಿ ಇಷ್ಟ ದಿನಾ? ಒಂದ ಮಾತ ಹೇಳಿ ಹೋಗಬಾರದಾ? ನಾ ನಿನಗ ಏನರ ಅಂದಿದ್ನೇನವಾ?"

ನಾನು ಅವರ ಮಡಿಲಲ್ಲಿ ತಲೆಯಿಟ್ಟು ಅತ್ತುಬಿಟ್ಟೆ. ಅವರು ಸಿಟ್ಟಾಗಿದ್ದಾರೆಂದು ನಾನು ಅಳುತ್ತಿದ್ದ ಅಷ್ಟೂ ದಿನ, ನಾನು ಸಿಟ್ಟಾಗಿ ಬಿಟ್ಟುಹೋದೆನೆಂದು ಅವರೂ ಒಳಗೊಳಗೇ ಬೇಯುತ್ತಿದ್ದರು. ನಡುವೆ ಇದ್ದದ್ದು ಒಂದು ಹೊರಸಿನ ಅಗಲ. ಅತ್ತೆ ನನ್ನ ಬೆನ್ನು ಸವರುತ್ತ, "ಇವರು ನನಗ ಅರ್ಧಾ ರೊಟ್ಟಿ ಹಾಕತಾರ. ನೀ ಬಂದಿ, ಇನ್ನ ಹೊಟ್ಟಿ ತುಂಬ ಹಾಕ" ಎಂದರು. ಇವರು ಎಂದದ್ದು ಮಗಳನ್ನು ನೋಡಿ. ಅಪ್ಪ ಅಳುತ್ತಲೇ ನಕ್ಕ. ನಾದಿನಿಯ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವರೇ ಎದ್ದು ಹೋಗಿ ನನ್ನ ಸೀರೆಯ ಗಂಟನ್ನು ಒಳಗಿಟ್ಟು ಬಂದರು.

ಮರುವಾರ ಮನೆಯವರು ಗಾಂಧಿ ಚೌಕದ ಹತ್ತಿರದ ಡಾಕ್ಟರರನ್ನೇ ಮನೆಗೆ ಕರೆತಂದರು. ಅವರು ಅತ್ತೆಯ ಎರಡೂ ಕಡೆ ಬೆರಳು ಆಡಿಸಿ ನೋಡಿದರು, ನಾನು ಹೇಳಿದ್ದನ್ನೆಲ್ಲ ತಾಳ್ಮೆಯಿಂದ ಕೇಳಿದರು. "ಕಣ್ಣಿನ ದೋಷ ಅಲ್ಲರಿ ಇದು. ಲಕ್ವಾ ಹೊಡದದ್ದು ತಲ್ಯಾಗ, ಮೆದುಳಿನ ಬಲಭಾಗಕ್ಕ. ನಮ್ಮ ಎಡಗಡಿ ಏನೇನೈತಿ ಅಂತ ಲಕ್ಷ್ಯ ಇಡೋದು ಆ ಭಾಗದ ಕೆಲಸ. ಅದು ನಿಂತೈತಿ. ಕಣ್ಣಿಗೆ ಬಿದ್ದರೂ ಮನಸಿಗೆ ಹೋಗಂಗಿಲ್ಲ. ಅಲ್ಲಿ ಏನೋ ಐತಿ, ನನಗ ಕಾಣವಲ್ದು ಅಂತನೂ ಅವರಿಗೆ ಅನಸಂಗಿಲ್ಲ. ಆ ಕಡಿ ಅನ್ನೋದ ಇಲ್ಲ ಅವರ ಪಾಲಿಗೆ" ಎಂದರು. ತಮ್ಮ ಕೈಯನ್ನೇ ಪರರ ಕೈ ಎಂದದ್ದೂ ಅದಕ್ಕೇ. ನಾದಿನಿ ಬಾಗಿಲ ಮರೆಯಲ್ಲಿ ನಿಂತು ಎಲ್ಲ ಕೇಳಿದರು. ಡಾಕ್ಟರು ಹೊರಡುವಾಗ ನನಗೆ ಒಂದು ಕೆಲಸ ಹೇಳಿಹೋದರು: ಬಲಕ್ಕೆ ಕುಳಿತು ಮಾತು ಶುರು ಮಾಡಬೇಕು, ಮಾತಾಡುತ್ತಲೇ ಸಾವಕಾಶ ಎಡಕ್ಕೆ ಸರಿಯಬೇಕು, ಆ ಎಡಗೈಯನ್ನು ದಿನಾ ಮುಟ್ಟಬೇಕು.

ಅದು ನಮ್ಮಿಬ್ಬರ ಆಟವಾಯಿತು. ನಾನು ಬಲದಿಂದ ಸರಿಯುತ್ತ ಸರಿಯುತ್ತ ಅವರ ಕಾಲ ಕಡೆ ಬರುವೆ. ಅತ್ತೆಯ ಕಣ್ಣು ನನ್ನ ಬೆನ್ನು ಹತ್ತಿ ಬರುತ್ತಿತ್ತು. ಒಂದು ಜಾಗದಲ್ಲಿ ಫಕ್ಕನೆ ನಿಂತುಬಿಡುತ್ತಿತ್ತು.

"ಎಲ್ಲಿ ಹೋದಿ ಬೇ?"

"ಇಲ್ಲೇ ಅದೀನ್ರಿ, ಅತ್ತ್ಯಾರ."

"ಇಲ್ಲೇ ಅಂದ್ರ ಎಲ್ಲಿ?"

ನಾನು ಮತ್ತೆ ಬಲಕ್ಕೆ ಬಂದು ಮುಖ ತೋರಿಸಿದರೆ ನಗುತ್ತಿದ್ದರು. ತಿಂಗಳುಗಳು ಕಳೆದಂತೆ ಕಣ್ಣು ಇನ್ನೊಂದಿಷ್ಟು ದೂರ ಬಂತು, ಆದರೆ ಅಡುಗೆಮನೆಯ ಬಾಗಿಲಿನವರೆಗೆ ಒಂದು ದಿನವೂ ಬರಲಿಲ್ಲ. ಬೆಳಗ್ಗೆ ಅವರ ಅರ್ಧ ಹಣೆಗೆ ಉಳಿದ ವಿಭೂತಿ ನಾನೇ ಎಳೆಯುತ್ತಿದ್ದೆ. ತಾಟನ್ನು ಊಟದ ನಡುವೆ ತಿರುಗಿಸುವುದು ಎಲ್ಲರಿಗೂ ರೂಢಿಯಾಯಿತು. ಕನಮಡಿಯಿಂದ ಬಂದಾಗ ನಾದಿನಿಯೂ ತಿರುಗಿಸುತ್ತಿದ್ದರು.

ಆ ಅಂಚು ಹೊಲಿದಿಟ್ಟ ಕೌದಿಯನ್ನು ಅವರೇ ನೆನಪಿಸಿ ತರಿಸಿಕೊಂಡರು. ನಾನು ಸೂಜಿಗೆ ದಾರ ಪೋಣಿಸಿ, ಅವರ ಎಡಗೈ ಮಾಡಬೇಕಿದ್ದಂತೆ ಬಟ್ಟೆ ಬಿಗಿಹಿಡಿದು ಕೂಡುವೆ. ಅವರು ಬಲಗೈಯಲ್ಲಿ ಹೊಲಿಯುವರು. ಒಂದು ಸಾಲೂ ಸೊಟ್ಟಗಾಗಲಿಲ್ಲ. ಪ್ರತಿ ಸಾಲೂ ನಡುವಿಗೆ ಬಂದು ನಿಲ್ಲುತ್ತಿತ್ತು. ಒಂದು ದಿನ ಸೂಜಿ ಕೆಳಗಿಟ್ಟು, "ಮುಗೀತು. ಹೊಟ್ಟಿ ತುಂಬಸು" ಎಂದರು.

ಇನ್ನರ್ಧ ಬಾಕಿಯಿದೆ ಎಂದು ಹೇಳಬಹುದಿತ್ತು. ಕೌದಿಯನ್ನು ತಿರುಗಿಸಿ ಇಟ್ಟಿದ್ದರೆ ಅವರೇ ಹೊಲಿಯುತ್ತಿದ್ದರೇನೋ. ಆದರೆ ಆ ಮುಖದ ಮೇಲಿನ ನೆಮ್ಮದಿ ಕಂಡು ನನ್ನ ಕೈ ಏಳಲಿಲ್ಲ. ಜೋಳದ ಕಾಳು ತಂದೆ, ರೊಟ್ಟಿಯ ಚೂರು ತಂದೆ. ಅವರ ಕೈಯಿಂದಲೇ ಇಡಿಸಿ, ಮುಚ್ಚಿ ಹೊಲಿದೆ. ಅತ್ತೆ ಕೌದಿಯ ಹೊಟ್ಟೆಯನ್ನು ಮಗುವಿನ ಹೊಟ್ಟೆ ತಟ್ಟಿದಂತೆ ತಟ್ಟಿದರು.

ಮರುವರ್ಷ ಮತ್ತೊಮ್ಮೆ ಲಕ್ವಾ ಹೊಡೆಯಿತು. ಈ ಸಲ ಏನನ್ನೂ ಉಳಿಸಲಿಲ್ಲ... ಆಗ ನಾನು ಬಸುರಿ. ಸುದ್ದಿಯನ್ನು ಅವರ ಬಲಗಿವಿಯಲ್ಲಿ ಹೇಳಿದ್ದೆ, ಕೇಳಿಸಿತೋ ಇಲ್ಲವೋ ತಿಳಿಯದು. ಕೇಳಿಸಿತು ಎಂದೇ ನಂಬಿಕೊಂಡು ಬಂದಿದ್ದೇನೆ.

ಈಗ ನನಗೇ ಅವರಿಗಿಂತ ಹೆಚ್ಚು ವಯಸ್ಸು. ತಿಕೋಟಾದ ಮನೆ ಬಿಟ್ಟು ಈ ಊರಿಗೆ ಬಂದು ಎಷ್ಟೋ ಕಾಲವಾಯಿತು. ಮನೆಯವರೂ ಇಲ್ಲ, ನಾದಿನಿಯೂ ಇಲ್ಲ. ಮೊನ್ನೆ ಮೊಮ್ಮಗಳಿಗೆ ಇಷ್ಟನ್ನೂ ಹೇಳಿದೆ. ಅವಳು ಕಣ್ಣೊರೆಸಿಕೊಂಡು, "ತಾ ಅಜ್ಜಿ, ಉಳದದ್ದು ನಾವು ಹೊಲದು ಮುಗಸೂಣು" ಎಂದಳು. ಬೇಡ ಎಂದೆ. ಅದು ಮುಗಿದ ಕೌದಿ. ಅತ್ತೆ ಮುಗಿಯಿತು ಎಂದಿದ್ದಾರೆ.

ಅವಳು ಕೆಳಗೆ ಹೋದ ಮೇಲೆ ಬಿಸಿಲು ಇಳಿಯುವವರೆಗೆ ಅಲ್ಲೇ ಇದ್ದೆ. ಕೌದಿಯ ಮೇಲೆ ಕುಳಿತು ಅದರ ಹೊಟ್ಟೆ ಸವರಿದೆ. ಆಮೇಲೆ ನೋಡಿಕೊಂಡರೆ, ಅಷ್ಟು ಅಗಲದ ಕೌದಿಯಲ್ಲಿ ನಾನು ಎಡ ಅಂಚಿಗೆ ಒತ್ತಿಕೊಂಡು ಕುಳಿತಿದ್ದೆ. ದಾರ ಜಗ್ಗುವ ಕೈಗೆ ಜಾಗ ಬಿಟ್ಟು. ಬಲಕ್ಕೆ ತಿರುಗಿ ನೋಡಿದೆ. ನನ್ನ ಕಣ್ಣು, ನನ್ನ ತಲೆ ಎರಡೂ ನೆಟ್ಟಗಿವೆ. ಆದರೂ ಆ ಕಡೆ ಯಾರೂ ಕಾಣಲಿಲ್ಲ.